ಪ್ರಯೋಗದ ಮರಳನ್ನು ಎಷ್ಟು ಸಲ ತೊಳೆಯಬೇಕು?

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರಯೋಗಕ್ಕೆಂದು ಮರಳನ್ನು ಏಳೆಂಟು ಸಲ ತೊಳೆದೆವು. ಪ್ರತಿ ಸಲವೂ ನೀರು ತಿಳಿಯಾಗುವ ತನಕ ಕಾದು ಚೆಲ್ಲಿದ್ದೇವೆ. ಆದರೂ ಹೊಸ ನೀರು ಹಾಕಿ ಕದಡಿದರೆ ಮತ್ತೆ ಬಗ್ಗಡವೇ. ಇನ್ನೆಷ್ಟು ಸಲ ತೊಳೆಯಬೇಕು?

ಉತ್ತರ: ನೀರು ತಿಳಿಯಾಗಲೆಂದು ಕಾದಿರಲ್ಲ, ಎಡವಟ್ಟಾದದ್ದು ಅಲ್ಲೇ. ಮೇಲೆ ತಿಳಿನೀರು ಕಂಡಿತೆಂದರೆ ಕೆಸರೆಲ್ಲ ಕೆಳಗಿಳಿದು ಮರಳಿನ ಮೇಲೆ ಕೂತಿದೆ ಎಂದೇ ಅರ್ಥ. ನೀವು ಚೆಲ್ಲಿದ್ದು ಒಳ್ಳೆಯ ನೀರನ್ನು. ಹೊರಗೆ ಹೋಗಬೇಕಾದದ್ದು ಬಕೆಟ್‌ನಲ್ಲೇ ಉಳಿಯಿತು.

ಮರಳಿನ ಕಾಳು ಬೇಗ ಮುಳುಗುತ್ತದೆ, ಜೇಡಿಯ ಕಣ ತಡವಾಗಿ ಮುಳುಗುತ್ತದೆ. ತೊಳೆಯುವ ಕೆಲಸವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಭೂವಿಜ್ಞಾನದ ಲೆಕ್ಕದಲ್ಲಿ ಸುಮಾರು 0.06ರಿಂದ 2 ಮಿಲಿಮೀಟರ್ ಗಾತ್ರದ ಕಾಳುಗಳಷ್ಟೇ ಮರಳು. 0.1 ಮಿಲಿಮೀಟರಿನ ಸಣ್ಣ ಮರಳಿನ ಕಾಳು ಕೂಡ ನಿಂತ ನೀರಿನಲ್ಲಿ ಸೆಕೆಂಡಿಗೆ 8–9 ಮಿಲಿಮೀಟರ್ ಇಳಿಯುತ್ತದೆ. 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಬರೀ 10 ಸೆಂಟಿಮೀಟರ್ ಇಳಿಯಲು ಹತ್ತಿರ ಹತ್ತಿರ ಎಂಟು ಗಂಟೆ ಬೇಕು. ಇಷ್ಟು ದೊಡ್ಡ ಅಂತರ ಇರುವುದರಿಂದಲೇ ಕೆಲಸ ಸುಲಭ.

ಹಾಗಾಗಿ ಹೀಗೆ ಮಾಡಿ. ಮೊದಲು ಕಡ್ಡಿ, ಎಲೆ, ಕಲ್ಲು ಹೋಗುವಂತೆ ಮರಳನ್ನು ಜಾಲರಿಯಲ್ಲಿ ಸೋಸಿ. ಒದ್ದೆ ಮಾಡಿಕೊಂಡೇ ಸೋಸುವುದು ಒಳ್ಳೆಯದು. ಒಣ ಮರಳಿನಿಂದೇಳುವ ನುಣುಪು ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಕ್ಕಳ ಮುಖದ ಹತ್ತಿರ ಅದು ಹಾರಲೇಬಾರದು. ಬಕೆಟ್‌ನ ಕಾಲು ಭಾಗಕ್ಕೆ ಮರಳು ಹಾಕಿ, ಅದರ ಮೇಲೆ ಒಂದು ಗೇಣಿನಷ್ಟು ನೀರು ನಿಲ್ಲಲಿ. ಕೈಯನ್ನು ತಳದವರೆಗೆ ಇಳಿಸಿ ಮರಳನ್ನು ಉಜ್ಜಿ ಉಜ್ಜಿ ಕದಡಿ, ಏಕೆಂದರೆ ಜೇಡಿ ಕಾಳಿಗೆ ಅಂಟಿಕೊಂಡಿರುತ್ತದೆ, ಬರೀ ನೀರು ಸುರಿದರೆ ಬಿಡುವುದಿಲ್ಲ. ಕೈ ತೆಗೆದು ಇಪ್ಪತ್ತರವರೆಗೆ ಎಣಿಸಿ. ನೀರು ಇನ್ನೂ ಕೆಂಪಗೆ ಕಲಕಿರುವಾಗಲೇ ಬಕೆಟ್ ಬಗ್ಗಿಸಿ ಬಸಿದುಬಿಡಿ. ಕೊನೆಗೆ ಮರಳು ಜಾರಿ ಬರುವ ಹೊತ್ತಿಗೆ ನಿಲ್ಲಿಸಿ. ಚೂರು ಸಣ್ಣ ಮರಳು ಹೋದರೆ ಹೋಗಲಿ ಬಿಡಿ. ಆದರೆ ಈ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ; ಗಿಡದ ಬುಡಕ್ಕೆ ಹಾಕಿ.

ಎಷ್ಟು ಸಲ ಎಂಬುದಕ್ಕೆ ಮರಳೇ ಉತ್ತರ ಹೇಳುತ್ತದೆ. ಒಂದು ಚಮಚ ಮರಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಜೋರಾಗಿ ಕಲಕಿ, ಅರ್ಧ ನಿಮಿಷ ಬಿಟ್ಟು ಲೋಟದ ಹಿಂದೆ ಬರೆದ ಹಾಳೆಯೊಂದನ್ನು ಹಿಡಿಯಿರಿ. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಸಾಕು. ಬೆರಳಿಗೂ ಗೊತ್ತಾಗುತ್ತದೆ: ಜೇಡಿ ಇರುವ ಮರಳು ಬೆರಳ ನಡುವೆ ಜಾರುತ್ತದೆ, ತೊಳೆದದ್ದು ಕರಕರ ಎನ್ನುತ್ತದೆ. ಮರಳಿನ ಕೆಂಪು ಅಥವಾ ಹಳದಿ ಬಣ್ಣ ಹೋಗಲಿಲ್ಲವೆಂದು ಮಾತ್ರ ಕೊರಗಬೇಡಿ. ಅದು ಕಾಳಿಗೆ ಹತ್ತಿದ ಕಬ್ಬಿಣದ ಆಕ್ಸೈಡಿನ ಲೇಪ, ಕೊಳೆಯಲ್ಲ. ಸೋಪಿನ ಪುಡಿಯಂತೂ ಬೇಡವೇ ಬೇಡ, ಅದನ್ನು ಪೂರ್ತಿ ತೆಗೆಯುವುದು ಕೆಸರು ತೆಗೆಯುವುದಕ್ಕಿಂತ ಕಷ್ಟ.

ಇನ್ನು, ಯಾವ ಪ್ರಯೋಗಕ್ಕೆ ಎಂಬುದನ್ನೂ ನೋಡಿ. ಉಪ್ಪು ಮತ್ತು ಮರಳನ್ನು ಬೇರ್ಪಡಿಸುವುದಿದ್ದರೆ ಸಮುದ್ರದ ಮರಳಿನಲ್ಲಿ ಮೊದಲೇ ಉಪ್ಪಿರುತ್ತದೆ, ತೂಕದ ಲೆಕ್ಕ ತಪ್ಪುತ್ತದೆ. ಕೊನೆಯ ತೊಳೆತವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿ. ಆ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದಾಗ ಬೆಳ್ಳಗೆ ಕದಡಿದರೆ ಉಪ್ಪು ಇನ್ನೂ ಇದೆ. ಕಬ್ಬಿಣದ ಪುಡಿ ಬೆರೆಸಿ ಆಯಸ್ಕಾಂತದಿಂದ ತೆಗೆಯುವ ಪ್ರಯೋಗವಾದರೆ, ಪುಡಿ ಬೆರೆಸುವ ಮೊದಲೇ ಒಣ ಮರಳಿನ ಮೇಲೆ ಆಯಸ್ಕಾಂತ ಆಡಿಸಿ. ತುದಿಗೆ ಕಪ್ಪು ಕಾಳುಗಳು ಮೀಸೆಯಂತೆ ಅಂಟಿದರೆ ಅವು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. ತೆಗೆದಿಡಿ, ಮಕ್ಕಳಿಗೆ ಅದನ್ನೂ ತೋರಿಸಿ. ಆಮ್ಲ ಬಳಸುವ ಪ್ರಯೋಗವಾದರೆ ಚಿಪ್ಪಿನ ಚೂರುಗಳು ತೊಂದರೆ ಕೊಡುತ್ತವೆ. ಚಿಟಿಕೆ ಮರಳಿಗೆ ವಿನೆಗರ್ ಹಾಕಿದಾಗ ಗುಳ್ಳೆ ಎದ್ದರೆ ಅದು ಸುಣ್ಣದ ಅಂಶ. ಅಂಥ ಮರಳನ್ನು ಬಿಟ್ಟು ಬೇರೆ ಹುಡುಕುವುದೇ ಮೇಲು. ಆಮ್ಲದಲ್ಲಿ ನೆನೆಸಿ ಶುದ್ಧಮಾಡುವುದು ಶಿಕ್ಷಕರ ಕೈಯ ಕೆಲಸ, ಮಕ್ಕಳದ್ದಲ್ಲ.

ಒಣಗಿಸಲು ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗಿಡಿ, ನಡುನಡುವೆ ಕೈಯಾಡಿಸಿ. ತೂಕ ಮಾಡುವ ಪ್ರಯೋಗಕ್ಕಾದರೆ ಕಣ್ಣಿಗೆ ಒಣಗಿದಂತೆ ಕಂಡರೆ ಸಾಲದು. ಒಮ್ಮೆ ತೂಗಿ, ಇನ್ನೊಂದು ಗಂಟೆ ಒಣಗಿಸಿ ಮತ್ತೆ ತೂಗಿ. ಎರಡೂ ಸಲ ಒಂದೇ ತೂಕ ಬಂದರೆ ಮುಚ್ಚಳದ ಡಬ್ಬಕ್ಕೆ ತುಂಬಿ. ಉಪ್ಪಿನ ಪ್ರಯೋಗಕ್ಕೆ ಬಳಸಿದ ಮರಳನ್ನು ಅದೇ ಡಬ್ಬಕ್ಕೆ ವಾಪಸು ಸುರಿಯಬೇಡಿ, ಅದಕ್ಕೆ ಬೇರೆ ಡಬ್ಬ ಇರಲಿ.