ಜಿಬ್ರಾಲ್ಟರ್: ರನ್‌ವೇ ಮೇಲೇ ರೋಡ್ ಯಾಕೆ ಬಂತು?

ಜಿಬ್ರಾಲ್ಟರ್ ಏರ್‌ಪೋರ್ಟ್ ಅಂದ್ರೆ ಎಲ್ರೂ ರನ್‌ವೇ ದಾಟೋ ಕಾರುಗಳ ವಿಡಿಯೋ ನೋಡಿರ್ತಾರೆ. ಆದ್ರೆ ಅದು ಹಂಗಾಗಿದ್ದು ಯಾಕೆ ಅನ್ನೋದೇ ನಿಜವಾಗ್ಲೂ ತಿಳ್ಕೋಬೇಕಾದ ವಿಷ್ಯ.

ಸ್ಪೇನ್‌ನ ದಕ್ಷಿಣ ತುದೀಲಿರೋ ಈ ಬ್ರಿಟಿಷ್ ಪ್ರದೇಶ ಒಟ್ಟು ಸುಮಾರು 6.8 ಚದರ ಕಿಲೋಮೀಟರ್, ಅದ್ರಲ್ಲೂ ದೊಡ್ಡ ಪಾಲು 426 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಗೇ ಹೋಗುತ್ತೆ. ಬಂಡೆಗೂ ಸ್ಪೇನ್ ಗಡಿಗೂ ಮಧ್ಯ ಉಳಿಯೋದು ಒಂದು ಕಿರಿದಾದ ಪಟ್ಟಿ. ಮೊದ್ಲು ಅಲ್ಲಿ ಕುದುರೆ ರೇಸ್ ನಡೀತಿತ್ತು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಬಂಡೆ ಒಳಗೆ ಸುರಂಗ ಕೊರೀತಾ ಇದ್ರಲ್ಲ, ಆ ಕಲ್ಲುಮಣ್ಣನ್ನೇ ತಂದು ಸಮುದ್ರಕ್ಕೆ ಸುರಿದು ರನ್‌ವೇನ ಉದ್ದ ಮಾಡಿದ್ರು, 1942ರ ನವೆಂಬರ್‌ನಲ್ಲಿ ಉತ್ತರ ಆಫ್ರಿಕಾ ಮೇಲಿನ ದಾಳಿಗೆ ಅಮೆರಿಕದ ಜನರಲ್ ಐಸೆನ್‌ಹೋವರ್ ಇಲ್ಲಿನ ಸುರಂಗದಲ್ಲೇ ಕೂತು ಆರ್ಡರ್ ಕೊಟ್ಟಿದ್ದು.

ಜಾಗ ಕಮ್ಮಿ ಅನ್ನೋದು ಅರ್ಧ ಕಥೆ ಅಷ್ಟೇ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ನಾವು ಬ್ರಿಟನ್‌ಗೆ ಕೊಟ್ಟಿದ್ದು ಊರು, ಕೋಟೆ, ಬಂದರು, ಈ ಪಟ್ಟಿ ಕೊಟ್ಟೇ ಇಲ್ಲ ಅಂತ ಸ್ಪೇನ್ ವಾದ. ಅಂದ್ರೆ ಇಡೀ ಏರ್‌ಪೋರ್ಟೇ ತಕರಾರಿನ ನೆಲದ ಮೇಲಿದೆ! 1987ರಲ್ಲಿ ಎರಡೂ ದೇಶ ಸೇರಿ ಬಳಸೋಣ ಅಂತ ಒಪ್ಪಿಕೊಂಡ್ವು, ಜಿಬ್ರಾಲ್ಟರ್ ಜನ ಒಪ್ಪಲಿಲ್ಲ, ಅದಕ್ಕೇ ಯುರೋಪಿನ ಮುಕ್ತ ವಿಮಾನಯಾನದ ನಿಯಮಗಳಿಂದ ಇದನ್ನ ಹೊರಗಿಟ್ರು. 2006ರಲ್ಲಿ ಬ್ರಿಟನ್, ಸ್ಪೇನ್, ಜಿಬ್ರಾಲ್ಟರ್ ಮೂರೂ ಸೇರಿ ಮಾಡಿಕೊಂಡ ಕಾರ್ಡೋಬಾ ಒಪ್ಪಂದ ಆದ್ಮೇಲೆ ಮ್ಯಾಡ್ರಿಡ್ ಫ್ಲೈಟ್ ಶುರುವಾಯ್ತು, ಜಾಸ್ತಿ ದಿನ ಉಳೀಲಿಲ್ಲ. ನನ್ ಪ್ರಕಾರ ಈ ಏರ್‌ಪೋರ್ಟ್ ಬೆಳೀದೇ ಇರೋದಕ್ಕೆ ಬಂಡೆಗಿಂತ ಈ ಜಗಳವೇ ದೊಡ್ಡ ಕಾರಣ.

ಇನ್ನು ಆ ರೋಡ್, ವಿನ್‌ಸ್ಟನ್ ಚರ್ಚಿಲ್ ಅವೆನ್ಯೂ. ಗಡಿಯಿಂದ ಊರಿಗೆ ಮುಖ್ಯ ದಾರಿ ಅದೇ ಆಗಿತ್ತು, ಹಾಗಾಗಿ ವಿಮಾನ ಬಂದಾಗೆಲ್ಲ ಗೇಟ್ ಹಾಕಿ ಟ್ರಾಫಿಕ್ ನಿಲ್ಲಿಸ್ತಿದ್ರು, ಸ್ಪೇನ್‌ನಿಂದ ದಿನಾ ಕೆಲಸಕ್ಕೆ ಬರೋ ಸಾವಿರಾರು ಜನ ಕಾಯ್ಬೇಕಿತ್ತು. ರನ್‌ವೇ ಪೂರ್ವದ ತುದಿ ಕೆಳಗೆ ಸುರಂಗ ಮಾಡೋ ಕೆಲಸ ಕಾಂಟ್ರಾಕ್ಟರ್ ಜೊತೆ ಕೋರ್ಟ್ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ಎಳೀತು, ಕೊನೆಗೆ 2023ರ ಮಾರ್ಚ್‌ನಲ್ಲಿ ಓಪನ್ ಆಯ್ತು. ಈಗ ಕಾರುಗಳು ಕೆಳಗೆ, ನಡೆದು ಹೋಗೋರು ಮಾತ್ರ ಇನ್ನೂ ರನ್‌ವೇ ಮೇಲೇ ದಾಟ್ತಾರೆ.

2025ರ ಜೂನ್‌ನಲ್ಲಿ ಬ್ರಿಟನ್, ಯುರೋಪಿಯನ್ ಯೂನಿಯನ್ ಸೇರಿ ಹೊಸ ಒಪ್ಪಂದದ ಮುಖ್ಯ ಅಂಶಗಳಿಗೆ ಒಪ್ಪಿಕೊಂಡ್ವು: ಏರ್‌ಪೋರ್ಟ್‌ನಲ್ಲಿ ಜಿಬ್ರಾಲ್ಟರ್ ಅಧಿಕಾರಿಗಳೂ ಸ್ಪೇನ್ ಅಧಿಕಾರಿಗಳೂ ಇಬ್ರೂ ಪಾಸ್‌ಪೋರ್ಟ್ ನೋಡ್ಬೇಕು, ಭೂಗಡೀಲಿ ತಪಾಸಣೆ ಇರಬಾರ್ದು. ನೆಲ ಯಾರದ್ದು ಅನ್ನೋ ಪ್ರಶ್ನೇಲಿ ಮಾತ್ರ ಎರಡೂ ಕಡೆಯವರು ತಮ್ಮ ತಮ್ಮ ನಿಲುವು ಬಿಟ್ಟುಕೊಟ್ಟಿಲ್ಲ.