ಯಾರೂ ಮೀಟದ ಗಂಧಾರ

ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನೊಬ್ಬನ ಮನೆ. ಮಹಡಿ ಮೇಲೆ ಕೂತು ಕಾಯಸ್ ಅನ್ನೋ ರಾಕ್ ತಂಡದ 1992ರ ಆಲ್ಬಮ್ ಕೇಳುತ್ತಿದ್ದೆವು. ಕೆಳಗಿನ ಮನೆಯ ಕಾಕಾ ಮೆಟ್ಟಿಲು ಹತ್ತಿ ಬಂದರು. ಬೈಯಲಿಲ್ಲ. "ತಮ್ಮಾ, ನಿನ್ನ ಸ್ಪೀಕರ್ ಹರದೈತಿ ನೋಡು. ಹಿಂಗ ಹಚ್ಚಿದ್ರ ಪೂರಾ ಕೆಟ್ಟ ಹೋಗ್ತೈತಿ" ಅಂದರು.

ಗೆಳೆಯ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ, ಯಾಕಂದ್ರೆ ಕಾಕಾ ಹೇಳಿದ್ದು ಈ ಸಂಗೀತದ ಚರಿತ್ರೆಯನ್ನೇ. ಆ ದಿನ ಸ್ಪೀಕರ್ ಸರಿಯಾಗೇ ಇತ್ತು. ಆದರೆ ಈ ಬಗೆಯ ಗಿಟಾರಿನ ಗುರುಗುರು ನಾದ ಹುಟ್ಟಿದ್ದು ನಿಜವಾಗಿಯೂ ಹರಿದ ಸ್ಪೀಕರಿನಿಂದ, ಕೆಟ್ಟ ಯಂತ್ರದಿಂದ. 1958ರಲ್ಲಿ ಅಮೆರಿಕದ ಗಿಟಾರಿಸ್ಟ್ ಲಿಂಕ್ ರೇ ಬೇಕಂತಲೇ ತನ್ನ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲ್ ಚುಚ್ಚಿ ತೂತು ಮಾಡಿದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್‌ನ ಹಾಡೊಂದರಲ್ಲಿ, ನ್ಯಾಶ್‌ವಿಲ್ ಸ್ಟುಡಿಯೋದ ಮಿಕ್ಸರಿನ ಒಂದು ಚಾನೆಲ್ ಕೆಟ್ಟು, ಬೇಸ್ ಗಿಟಾರ್ ಗೊರಗೊರ ಅಂತು. ಇಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನು ಹಾಗೇ ಉಳಿಸಿಕೊಂಡರು. ಆಮೇಲೆ ಅದೇ ಸದ್ದು ಕೊಡುವ ಒಂದು ಸರ್ಕ್ಯೂಟ್ ಮಾಡಿದರು. 1962ರಲ್ಲಿ ಅದು ಮಾಯೆಸ್ಟ್ರೋ ಫಝ್ ಟೋನ್ ಅನ್ನೋ ಹೆಸರಲ್ಲಿ ಅಂಗಡಿಗೆ ಬಂತು. ಕಾಲಿಂದ ಒತ್ತಿದರೆ ಸಾಕು, ಗಿಟಾರ್ ಕೆಟ್ಟುಹೋದ ಹಾಗೆ ಕೇಳುತ್ತದೆ. 1964ರಲ್ಲಿ ಲಂಡನ್ನಿನ ಗಿಟಾರಿಸ್ಟ್ ಡೇವ್ ಡೇವಿಸ್ ಮತ್ತೆ ಹಳೇ ದಾರಿ ಹಿಡಿದು ಬ್ಲೇಡಿನಿಂದ ಸ್ಪೀಕರಿನ ಕಾಗದ ಸೀಳಿದ.

ಕಾಯಸ್ ಹುಡುಗರು ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್ ಊರಿನವರು. ಮರುಭೂಮಿಯ ಬಯಲಲ್ಲಿ ಜನರೇಟರ್ ಇಟ್ಟುಕೊಂಡು ರಾತ್ರಿ ಬಾರಿಸುತ್ತಿದ್ದರು. ಈ ಬಗೆಯ ಸಂಗೀತಕ್ಕೆ ಸ್ಟೋನರ್ ರಾಕ್, ಅಂದರೆ ಗಾಂಜಾ ಸೇದುವವರ ರಾಕ್, ಅಂತ ಹೆಸರು ಬಿತ್ತು. ಹೆಸರು ಕೇಳಿದ ಕೂಡಲೇ ಜನ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಇದು ಗಾಂಜಾ ಹೊಡೆದವರಿಗಷ್ಟೇ ಹಿಡಿಸುವ ಸಂಗೀತ, ಹಿಡಿಸುವುದಕ್ಕೆ ಕಾರಣ ಹಾಡಲ್ಲ, ನಶೆ. ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಬರೀ ಚಹಾ ಕುಡಿದು ಕೇಳಿದರೂ ಈ ಸಂಗೀತ ಹಿಡಿದು ಕೂರಿಸುತ್ತದೆ. ಅದಕ್ಕೆ ಕಾರಣ ತಂತಿಯಲ್ಲಿದೆ, ಸರ್ಕ್ಯೂಟಿನಲ್ಲಿದೆ, ಕಿವಿಯಲ್ಲಿದೆ. ಲೆಕ್ಕ ಹಾಕಿ ತೋರಿಸಬಹುದು.

ಗಿಟಾರಿನಿಂದ ಬರುವ ವಿದ್ಯುತ್ ಅಲೆ ಮೇಲೆ ಕೆಳಗೆ ಏರಿಳಿಯುತ್ತದೆ. ಫಝ್ ಪೆಟ್ಟಿಗೆ ಅದನ್ನು ತಾನು ತಡೆಯಬಲ್ಲದ್ದಕ್ಕಿಂತ ಎಷ್ಟೋ ಜಾಸ್ತಿ ದೊಡ್ಡದು ಮಾಡುತ್ತದೆ. ಆಗ ಅಲೆಯ ತುದಿಗೆ ಜಾಗವೇ ಉಳಿಯುವುದಿಲ್ಲ. ಬಾಗಲಕೋಟೆಯ ಸಂತೆಯಲ್ಲಿ ಜೋಳ ಅಳೆಯುವಾಗ ಸೇರಿನ ಮೇಲಿನ ರಾಶಿಯನ್ನು ಕೈಯಿಂದ ಸವರಿ ಸಮ ಮಾಡುತ್ತಾರಲ್ಲ, ಹಾಗೆ ಅಲೆಯ ತಲೆ ಸವರಿಹೋಗುತ್ತದೆ. ದುಂಡಗಿದ್ದ ಅಲೆ ಚಪ್ಪಟೆ ಆಗುತ್ತದೆ. ಚಪ್ಪಟೆ ಅಲೆ ಅಂದರೆ ಏನು? ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನಗಳೂ ಸೇರಿಕೊಂಡಿವೆ ಅಂತ ಅರ್ಥ. ಕಿವಿಗೆ ಅದೇ ಒರಟಾಗಿ ಕೇಳುತ್ತದೆ.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನನಗೆ ರೋಮಾಂಚನ ಆಗುವುದು ಒಂದರ ಬದಲು ಎರಡು ಸ್ವರ ಒಟ್ಟಿಗೆ ಆ ಪೆಟ್ಟಿಗೆಯೊಳಗೆ ಹೋದಾಗ.

ಗಿಟಾರಿನವರು ಒಂದು ಸ್ವರವನ್ನೂ ಅದರ ಪಂಚಮವನ್ನೂ ಸೇರಿಸಿ ಬಾರಿಸಿದರೆ ಅದಕ್ಕೆ ಪವರ್ ಕಾರ್ಡ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಸ ಮತ್ತು ಪ. ಸ ಸೆಕೆಂಡಿಗೆ 110 ಸಲ ಕಂಪಿಸುತ್ತಿದೆ ಅಂದುಕೊಳ್ಳಿ. ಅಂದರೆ 110 ಹರ್ಟ್ಜ್. ಶುದ್ಧ ಪಂಚಮ ಅದರ ಒಂದೂವರೆ ಪಟ್ಟು, 165. ಸಾಫಾದ ಆಂಪ್ಲಿಫೈಯರ್ ಆದರೆ ಒಳಗೆ ಹೋದದ್ದು ಎರಡು, ಹೊರಗೆ ಬಂದದ್ದೂ ಎರಡು. ಫಝ್ ಆದರೆ ಹಾಗಲ್ಲ. ಅಲೆಯನ್ನು ಸವರುವಾಗ ಅದು ಈ ಎರಡನ್ನೂ ಕೂಡಿಸುತ್ತದೆ, ಕಳೆಯುತ್ತದೆ. 165ರಲ್ಲಿ 110 ಕಳೆದರೆ 55. ಅದು ಮಂದ್ರ ಸಪ್ತಕದ ಸ. ಯಾರೂ ಆ ತಂತಿ ಮುಟ್ಟಿಲ್ಲ. ಗಿಟಾರಿನಲ್ಲಿ ಅಷ್ಟು ಕೆಳಗಿನ ತಂತಿಯೇ ಇಲ್ಲ. ಆದರೂ ಅದು ಸ್ಪೀಕರಿನಿಂದ ಹೊರಗೆ ಬರುತ್ತದೆ. ಭ್ರಮೆ ಅಲ್ಲ, ಮೈಕ್ ಇಟ್ಟು ಅಳೆಯಬಹುದು.

ಈಗ ಕೂಡಿಸಿ. 110 ಮತ್ತು 165 ಸೇರಿದರೆ 275. ಇದು 55ರ ಐದು ಪಟ್ಟು. ಸಂಗೀತ ಕಲಿತವರು ಇಲ್ಲಿ ನೆಟ್ಟಗೆ ಕೂರಬೇಕು. ಸ-ದ ಐದು ಪಟ್ಟು ಅಂದರೆ ಹಿಂದೂಸ್ತಾನಿಯ ಶುದ್ಧ ಗಂಧಾರ! ಬಾರಿಸಿದ್ದು ಸ ಮತ್ತು ಪ ಮಾತ್ರ, ಆದರೆ ಗಂಧಾರ ತಾನಾಗಿ ಎದ್ದು ಬಂತು.

ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಈ ಗಂಧಾರದ ಪರಿಚಯ ಮೊದಲೇ ಇರುತ್ತದೆ, ಅಲ್ವಾ? ತಂಬೂರಿಯ ಎದುರು ಕೂರಿಸಿ ಗುರುಗಳು ಕೇಳುತ್ತಾರೆ, "ಗಂಧಾರ ಕೇಳಾಕತ್ತೈತೇನು?" ತಂಬೂರಿಯ ನಾಲ್ಕು ತಂತಿ ಇರುವುದು ಪ, ಸ, ಸ, ಸ. ಗಂಧಾರದ ತಂತಿಯೇ ಇಲ್ಲ. ಆದರೂ ಚೆನ್ನಾಗಿ ಶ್ರುತಿ ಕೂಡಿದರೆ ಗಂಧಾರ ಕೇಳುತ್ತದೆ. ಅಂದಮೇಲೆ ಪವರ್ ಕಾರ್ಡ್ ಬಾರಿಸುವ ಹುಡುಗ ತಂಬೂರಿಯ ಸ್ವರಗಳನ್ನೇ ಬಾರಿಸುತ್ತಿದ್ದಾನೆ.

ಬೆಳಗಾವಿಯಿಂದ ರೈಲು ಹತ್ತಿದರೆ ಮಿರಜ್ ದೂರವೇನಲ್ಲ. ಅಲ್ಲಿ ತಂಬೂರಿ ಮಾಡುವವರು ಕುದುರೆಯ ಮೇಲ್ಮೈಯನ್ನು, ಅಂದರೆ ತಂತಿ ಕೂರುವ ಆ ಅಗಲದ ಪಟ್ಟಿಯನ್ನು, ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಉಜ್ಜುತ್ತಾರೆ. ಇದಕ್ಕೆ ಜವಾರಿ ತೆಗೆಯುವುದು ಅಂತಾರೆ. ಆಮೇಲೆ ತಂತಿಯ ಕೆಳಗೆ ಒಂದು ಹತ್ತಿ ನೂಲು. ನೂಲು ಇಲ್ಲದಿದ್ದರೆ ತಂತಿ ಮಂಕಾಗಿ ಠಣ್ ಅನ್ನುತ್ತದೆ. ನೂಲನ್ನು ಬೆರಳ ತುದಿಯಿಂದ ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋಗುತ್ತಾರೆ. ಒಂದು ಜಾಗಕ್ಕೆ ಬಂದಾಗ ತಟ್ಟನೆ ನಾದ ಬಿಚ್ಚಿಕೊಳ್ಳುತ್ತದೆ. ಝುಂಯ್ ಅಂತ ಎದ್ದು, ಒಂದಾದ ಮೇಲೊಂದು ಮೇಲಿನ ಸ್ವರಗಳು ಹೊಳೆದು ಹೋಗುತ್ತವೆ. ಕಂಪಿಸುವ ತಂತಿ ಆ ಇಳಿಜಾರನ್ನು ಮತ್ತೆ ಮತ್ತೆ ಮುಟ್ಟಿ ಬಿಡುವುದರಿಂದ ಹೀಗಾಗುತ್ತದೆ.

ಸಿ. ವಿ. ರಾಮನ್ ಇದರ ಮೇಲೆ 1921ರಲ್ಲಿ ಪ್ರಬಂಧ ಬರೆದರು. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದು 1930ರಲ್ಲಿ, ಅದಕ್ಕೂ ಮೊದಲೇ ಅವರು ತಂಬೂರಿ, ವೀಣೆ, ತಬಲಾಗಳ ಹಿಂದೆ ಬಿದ್ದಿದ್ದರು. ಆಗಿನ ನಿಯಮ ಹೀಗಿತ್ತು: ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ನಡುವೆ ಅಲುಗಾಡದೆ ನಿಲ್ಲುವ ಕಂಪನಗಳು, ಅಂದರೆ ಎರಡು ಪಟ್ಟು, ನಾಲ್ಕು ಪಟ್ಟಿನವು, ಹುಟ್ಟಲೇಬಾರದು. ತಂಬೂರಿ ಮತ್ತು ವೀಣೆ ಈ ನಿಯಮ ಕೇಳುವುದಿಲ್ಲ ಅಂತ ರಾಮನ್ ತೋರಿಸಿದರು. ಇರಬಾರದ ಸ್ವರಗಳು ಜೋರಾಗಿಯೇ ಇರುತ್ತವೆ. ಯುರೋಪಿನಲ್ಲಿ ಬರೆದ ನಿಯಮವನ್ನು ನಮ್ಮ ಕುದುರೆಯೂ ನೂಲೂ ಮುರಿದಿದ್ದವು.

ತಂಬೂರಿಯಲ್ಲಿ ಈ ಕೆಲಸ ಮರ ಮತ್ತು ನೂಲಿನಿಂದ ಆಗುತ್ತದೆ, ಫಝ್‌ನಲ್ಲಿ ಟ್ರಾನ್ಸಿಸ್ಟರಿನಿಂದ. ಒಳಗಿನ ಯಂತ್ರ ಬೇರೆ ಬೇರೆ, ಒಪ್ಪುತ್ತೇನೆ. ಆದರೆ ಕಿವಿಗೆ ಸಿಗುವ ಸುಖ ಒಂದೇ ಜಾತಿಯದು. ಕೆಳಗಿನ ಸ್ವರವೊಂದು ಬಹಳ ಹೊತ್ತು ನಿಲ್ಲುತ್ತದೆ, ಅದರೊಳಗಿಂದ ಬೇರೆ ಸ್ವರಗಳು ಎದ್ದು ಬರುತ್ತವೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಕೇಳಿದವರಿಗೂ ಇದು ಗೊತ್ತು. ಒಂದೇ ತಂತಿ, ತೊಗಲಿಗೆ ಬಿಗಿದದ್ದು. ಅದರ ಸದ್ದು ಸಾಫ್ ಇಲ್ಲ. ಸಾಫ್ ಇಲ್ಲದಿರುವುದರಿಂದಲೇ ಅದು ಅಷ್ಟು ದೂರ ಕೇಳುತ್ತದೆ, ಎದೆಗೆ ತಾಗುತ್ತದೆ. ವಿಜಯಪುರವನ್ನು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ತನ್ನ ತಂಬೂರಿಯ ಮೇಲೆ ಎಷ್ಟು ಪ್ರೀತಿ ಅಂದರೆ, ಅದಕ್ಕೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಅಂಥ ನೆಲದವರು ಈ ಆಲ್ಬಮ್ ಕೇಳಿ "ಗದ್ದಲ" ಅಂದಾಗ ನನಗೆ ನಿಜವಾಗಿ ಬೇಜಾರಾಗುತ್ತದೆ.

ಮತ್ತೆ ಲೆಕ್ಕಕ್ಕೆ ಬರೋಣ, ಇನ್ನೊಂದು ಸೊಗಸು ಉಳಿದಿದೆ. ಗಿಟಾರಿನ ಮೆಟ್ಟಿಲುಗಳು, ಅಂದರೆ ತಂತಿ ಒತ್ತುವ ಫ್ರೆಟ್‌ಗಳು, ಶುದ್ಧ ಶ್ರುತಿಯಲ್ಲಿ ಇರುವುದಿಲ್ಲ, ಸಪ್ತಕವನ್ನು 12 ಸಮ ಪಾಲು ಮಾಡಿರುತ್ತಾರೆ. ಆ ಲೆಕ್ಕದಲ್ಲಿ ಪಂಚಮ 165 ಅಲ್ಲ, 164.81. ಅಲ್ಲಿಂದ 110 ಕಳೆದರೆ 54.81. ಫಝ್ ಇನ್ನೊಂದು ಬಗೆಯಲ್ಲೂ ಕಳೆಯುತ್ತದೆ: 110ರ ಎರಡು ಪಟ್ಟಿನಲ್ಲಿ 164.81 ಕಳೆದರೆ 55.19. ಈಗ ಕೆಳಗೆ ಒಂದಲ್ಲ, ಎರಡು ಸ್ವರ ಇವೆ, ಹತ್ತಿರ ಹತ್ತಿರ. ಅವು ಒಮ್ಮೆ ಕೂಡಿ, ಒಮ್ಮೆ ಬಿಟ್ಟು, ಸುಮಾರು ಎರಡೂವರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ. ಗಿಟಾರಿಸ್ಟ್ ಕಾರ್ಡ್ ಹಿಡಿದು ಸುಮ್ನೆ ನಿಂತಿರುತ್ತಾನೆ, ನಾದ ಮಾತ್ರ ಉಸಿರಾಡುತ್ತಿರುತ್ತದೆ. ಈ ಸಂಗೀತ ನಿಧಾನ ಇರಲೇಬೇಕಾದದ್ದು ಇದಕ್ಕೇ. ಬೇಗ ಬಾರಿಸಿದರೆ ಈ ಉಸಿರಾಟಕ್ಕೆ ಹೊತ್ತೇ ಸಿಗುವುದಿಲ್ಲ.

ಗಿಟಾರಿಸ್ಟ್ ಕೈಯಿಂದಲೇ ಗಂಧಾರ ಬಾರಿಸಿದರೆ ಏನಾಗುತ್ತದೆ? ಅವನ ಮೆಟ್ಟಿಲಿನ ಗಂಧಾರ 277.2. ಫಝ್ ತಾನಾಗಿ ಹುಟ್ಟಿಸುವ ಗಂಧಾರ 275ರ ಹತ್ತಿರ. ಎರಡೂ ಜಗಳಕ್ಕೆ ಬೀಳುತ್ತವೆ, ನಾದ ರಾಡಿಯಾಗುತ್ತದೆ. ಅದಕ್ಕೇ ಫಝ್ ಹಾಕಿಕೊಂಡವರು ಹೆಚ್ಚಾಗಿ ಸ-ಪ ಬಿಟ್ಟು ಕದಲುವುದಿಲ್ಲ. ಸೋಮಾರಿತನ ಅಂತ ಟೀಕಿಸುವವರು ಇದ್ದಾರೆ. ಆದರೆ ಅದು ಕಿವಿ ಕಲಿಸಿದ ಪಾಠ.

ಇನ್ನು ಶ್ರುತಿ ಇಳಿಸುವ ವಿಚಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಂದೆ ಬ್ಲ್ಯಾಕ್ ಸ್ಯಾಬತ್ ತಂಡದ ಗಿಟಾರಿಸ್ಟ್ ಆದ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಗೈಯಿಂದ ಮೀಟುವವರಾದ್ದರಿಂದ ತಂತಿ ಒತ್ತುವುದು ಅದೇ ಬೆರಳುಗಳಿಂದ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು. 1971ರ ಬ್ಲ್ಯಾಕ್ ಸ್ಯಾಬತ್ ಆಲ್ಬಮ್ಮಿನ ಕೆಲವು ಹಾಡಿಗೆ ಶ್ರುತಿಯನ್ನು ಮೂರು ಮನೆ, ಅಂದರೆ ಆ 12 ಪಾಲಿನಲ್ಲಿ ಮೂರು ಪಾಲು, ಕೆಳಗೆ ಇಳಿಸಿದರು. ಬಿಗಿ ಕಡಿಮೆಯಾದರೆ ಬೆರಳಿಗೆ ಹಗುರ. ನಾದ ಮಾತ್ರ ಭಾರವಾಯಿತು. ಕಾಯಸ್‌ನ ಜಾಶ್ ಹೋಮಿ ಇನ್ನೂ ಒಂದು ಮನೆ ಇಳಿಸಿ, ಗಿಟಾರನ್ನು ಬೇಸ್ ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಅಲ್ಲಿ ಕಡೆಯ ತಂತಿ 65.4 ಹರ್ಟ್ಜ್. ಅದರ ಮೇಲೆ ಪಂಚಮ ಹಿಡಿದರೆ ಕಳೆದು ಬರುವ ಸ್ವರ 32.7. ಕಿವಿಗಿಂತ ಮೊದಲು ಎದೆಗೂಡಿಗೆ ಗೊತ್ತಾಗುವ ಸ್ವರ ಅದು.

ಈ ಆಲ್ಬಮ್‌ಗಳು ಕಚ್ಚಾ ಆಗಿ ಕೇಳುತ್ತವೆ ಅನ್ನುವುದೂ ಒಂದು ದೂರು. ಬ್ಲ್ಯಾಕ್ ಸ್ಯಾಬತ್‌ನ ಮೊದಲ ಆಲ್ಬಮ್ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಣವಾದದ್ದು. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸಿದರೆ ಡೋಲಿನ ಮೈಕಿಗೆ ಗಿಟಾರೂ ಕೇಳುತ್ತದೆ, ಗಿಟಾರಿನ ಮೈಕಿಗೆ ಡೋಲೂ ಕೇಳುತ್ತದೆ. ಗೋಡೆಗೆ ಬಡಿದು ಬಂದ ಸದ್ದು ಒಂದು ಚೂರು ತಡವಾಗಿ ಸೇರುತ್ತದೆ. ಕಿವಿ ಆ ತಡದಿಂದಲೇ ಕೋಣೆ ಎಷ್ಟು ದೊಡ್ಡದು ಅಂತ ಅಳೆಯುತ್ತದೆ. ಒಂದೊಂದನ್ನೂ ಬೇರೆ ಬೇರೆ ಮುದ್ರಿಸಿ ಒರೆಸಿ ತೊಳೆದರೆ ಈ ಅಳತೆ ಅಳಿಸಿಹೋಗುತ್ತದೆ.

ಈ ಸಂಗೀತದ ತೇಲಿಸುವ ಗುಣವೂ ಆ ತಡದಿಂದಲೇ ಬರುತ್ತದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗಿ ಒಮ್ಮೆ ಚಪ್ಪಾಳೆ ಹೊಡೆಯಿರಿ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಸದ್ದು ಎದುರಿನ ಗೋಡೆ ಮುಟ್ಟಿ ಬರಲು 76 ಮೀಟರ್ ನಡೆಯಬೇಕು, ಅದಕ್ಕೆ ಸೆಕೆಂಡಿನ ಐದರಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ ಬೇಕು. ಹಾಗೆ ಮತ್ತೆ ಮತ್ತೆ ಬಂದು ಏಳೆಂಟು ಸಲ ಕೇಳುತ್ತದೆ. ಕನಸಿನಂತೆ ತೇಲಿಸುವ ಸೈಕೆಡೆಲಿಕ್ ರಾಕ್‌ನವರು ಬಳಸಿದ, ಸದ್ದನ್ನು ಟೇಪಿಗೆ ಹಿಡಿದು ತುಸು ತಡವಾಗಿ ಮರಳಿಸುವ ಟೇಪ್ ಎಕೋ ಯಂತ್ರಗಳು ಕೊಡುತ್ತಿದ್ದದ್ದೂ ಇಂಥ ಅಳತೆಯ ತಡವನ್ನೇ. ಪುಟ್ಟ ಪೆಟ್ಟಿಗೆಯಿಂದ ಗುಮ್ಮಟದಷ್ಟು ದೊಡ್ಡ ಜಾಗವನ್ನು ಕಿವಿಗೆ ಕಟ್ಟಿಕೊಟ್ಟರು.

ಇಷ್ಟು ಚೆಂದದ ವಿಜ್ಞಾನ ಇರುವಾಗ ನಮ್ಮ ಮೊಬೈಲಿಗೆ ಬರುವುದು ಬೇರೆಯೇ. ವಾದ್ಯವನ್ನು 432 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ದೈವಿಕ, 440ಕ್ಕೆ ಮಾಡಿದರೆ ಮನಸ್ಸು ಕೆಡಿಸುತ್ತದೆ, ಇಂಥ ಸಂಗೀತ ಮನೆಗೆ ನಕಾರಾತ್ಮಕ ಶಕ್ತಿ ತರುತ್ತದೆ. ಓದಿದವರೇ ಇದನ್ನು ಮುಂದೆ ಕಳಿಸುತ್ತಾರೆ, ಚಿಂತೆಯಾಗುವುದು ಅದಕ್ಕೇ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅಂತ. ಸೆಕೆಂಡು ಮನುಷ್ಯ ಮಾಡಿಕೊಂಡ ಅಳತೆ. ಆ ಅಳತೆ ಬೇರೆ ಇದ್ದಿದ್ದರೆ 432 ಅನ್ನೋ ಅಂಕಿಯೇ ಬರುತ್ತಿರಲಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿರಲಿ, ಇವತ್ತಿನ ಎಳೆಯ ಗಾಯಕಿ ಇರಲಿ, ತಮ್ಮ ಕಂಠಕ್ಕೆ ಹೊಂದುವ ಜಾಗದಲ್ಲಿ ಸ ಇಟ್ಟುಕೊಳ್ಳುತ್ತಾರೆ. ಮುಖ್ಯವಾದದ್ದು ಸ-ಗೂ ಪ-ಗೂ ಇರುವ ಅನುಪಾತ.

ಅಪಾಯ ಇರುವುದು ಅಂಕಿಯಲ್ಲಿ ಅಲ್ಲ, ಜೋರಿನಲ್ಲಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಅನ್ನುವುದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಮುಟ್ಟಿದರೆ 15 ನಿಮಿಷ, ಅಷ್ಟೇ. ಒಳಕಿವಿಯ ಕೂದಲು ಕಣಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆರವಣಿಗೆಯ ಡಿಜೆ ಮುಂದೆ ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುವವರಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕು.

ಈ ಆಲ್ಬಮ್ ಕೇಳುವುದಕ್ಕೆ ಅಷ್ಟು ಜೋರು ಬೇಕಿಲ್ಲ, ದೊಡ್ಡ ಸ್ಪೀಕರೂ ಬೇಕಿಲ್ಲ. ಮೊಬೈಲಿನ ಪುಟ್ಟ ಸ್ಪೀಕರಿಗೆ 65 ಹರ್ಟ್ಜ್ ಹುಟ್ಟಿಸುವ ಶಕ್ತಿ ಇಲ್ಲ. ಆದರೂ ಫಝ್ ಗಿಟಾರ್ ಅದರಲ್ಲೂ ಕೆಳಗಿನ ಸ್ವರದಲ್ಲೇ ಕೇಳುತ್ತದೆ. ಮೇಲಿನ 196, 262, 327 ಇಷ್ಟು ಬಂದರೆ ಸಾಕು, ಇವೆಲ್ಲ 65.4ರ ಪಟ್ಟುಗಳು ಅಂತ ಮಿದುಳು ಗುರುತು ಹಿಡಿದು, ಇಲ್ಲದ ಮೂಲ ಸ್ವರವನ್ನು ತಾನೇ ಕೇಳಿಸಿಕೊಳ್ಳುತ್ತದೆ. ಮೊದಲು ಮೊಬೈಲಿನಲ್ಲಿ ಕೇಳಿ, ಆಮೇಲೆ ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಅದೇ ಜಾಗ ಕೇಳಿ. ಡೋಲು ನಿಂತು ಕಾರ್ಡ್ ಒಂದೇ ಉಳಿಯುವ ಕಡೆ ಕಿವಿ ಇಡಿ. ಮೊದಲು ಉಬ್ಬಿ ಇಳಿಯುವುದು ಸಿಗುತ್ತದೆ, ಗಂಧಾರ ಆಮೇಲೆ.