ತರಗತಿಗೆ ಡಿಜಿಟಲ್ ಪುಸ್ತಕ ಮಾಡುವುದು: ಐಸಿಟಿ ಪೇಪರ್ ಓದುವವರಿಗೆ ಒಂದಿಷ್ಟು ಟಿಪ್ಪಣಿ

ಬಿ.ಇಡಿ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪೇಪರ್‌ಗೆ ಓದುವವರ ನೋಟ್ಸ್‌ನಲ್ಲೆಲ್ಲ ಟೂಲ್‌ಗಳ ಹೆಸರಿನ ಪಟ್ಟಿ ಇದ್ದೇ ಇರುತ್ತದೆ. ಬುಕ್ ಕ್ರಿಯೇಟರ್, ಸ್ಟೋರಿವೀವರ್, ಬ್ಲೂಮ್, ಎಚ್5ಪಿ, ಪ್ರತಿಯೊಂದರ ಮುಂದೆ ಒಂದೊಂದು ವಾಕ್ಯ. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ ಬಿಡಿ. ಆದರೆ ನಾಳೆ ಐದನೇ ಕ್ಲಾಸಿಗೆ ಕನ್ನಡದಲ್ಲಿ ಒಂದು ಪುಟ್ಟ ಪುಸ್ತಕ ಮಾಡಿಕೊಡಿ ಅಂದರೆ ಇದರಲ್ಲಿ ಯಾವುದನ್ನು ತೆರೆಯಬೇಕು ಅಂತ ಆ ಪಟ್ಟಿ ಹೇಳುವುದಿಲ್ಲ. ಅದಕ್ಕೇ ನಾನು ಟೂಲ್‌ನಿಂದ ಶುರು ಮಾಡುತ್ತಿಲ್ಲ. ಮೊದಲು ಎರಡು ಪ್ರಶ್ನೆ. ಮಕ್ಕಳು ಇದನ್ನು ಯಾವುದರಲ್ಲಿ ಓದುತ್ತಾರೆ? ಪುಸ್ತಕದೊಳಗಿನ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದಾ, ಇಲ್ಲ ಚಿತ್ರವಾಗಿಬಿಡುತ್ತದಾ?

ಮೊದಲನೆಯದು ನೋಡೋಣ. ಪಿಡಿಎಫ್‌ನಲ್ಲಿ ಪುಟದ ಅಳತೆ ಬದಲಾಗುವುದಿಲ್ಲ. ಎ4ನಲ್ಲಿ ಮಾಡಿದ್ದು ಎಲ್ಲಿ ತೆರೆದರೂ ಎ4. ಪ್ರಿಂಟ್ ತೆಗೆಯಲು, ಪ್ರೊಜೆಕ್ಟರ್‌ಗೆ ಹಾಕಲು ಅದೇ ಒಳ್ಳೆಯದು. ಅಪ್ಪನ ಫೋನಿನಲ್ಲಿ ಓದುವ ಮಗುವಿಗೆ ಮಾತ್ರ ಅದು ಶಿಕ್ಷೆ, ಎರಡು ಬೆರಳಲ್ಲಿ ಹಿಗ್ಗಿಸಿ, ಎಡಕ್ಕೆ ಎಳೆದು, ಬಲಕ್ಕೆ ಎಳೆದು, ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಇಪಬ್ ಅಂದರೆ ಇ-ಪುಸ್ತಕಕ್ಕೆಂದೇ ಇರುವ ಫೈಲ್ ಬಗೆ, ಅದರಲ್ಲಿ ಹಾಗಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವೇ ಮುರಿದು ಪರದೆಗೆ ಹೊಂದಿಕೊಳ್ಳುತ್ತವೆ. ಇದು ರೀಫ್ಲೋ. ಇಪಬ್‌ನಲ್ಲೇ ಫಿಕ್ಸೆಡ್ ಲೇಔಟ್ ಅಂತ ಇನ್ನೊಂದು ಬಗೆ ಇದೆ. ಚಿತ್ರಪುಸ್ತಕಕ್ಕೆ ಅದೇ ಬೇಕು, ಆನೆಯ ಚಿತ್ರ ಒಂದು ಪುಟಕ್ಕೆ, ಆನೆಯ ಮಾತು ಇನ್ನೊಂದು ಪುಟಕ್ಕೆ ಹೋದರೆ ಕಥೆ ಕೆಟ್ಟಿತು ಅಲ್ವಾ. ಪರೀಕ್ಷೆಯಲ್ಲಿ ವ್ಯತ್ಯಾಸ ಬರೆಯಿರಿ ಅಂದರೆ ಈ ಉದಾಹರಣೆ ಸಾಕು.

ಇಪಬ್ 3 ಬಂದದ್ದು 2011ರಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಐಡಿಪಿಎಫ್ ಅನ್ನುವ ಸಂಸ್ಥೆ 2017ರಲ್ಲಿ ವೆಬ್‌ನ ನಿಯಮ ಮಾಡುವ ಡಬ್ಲ್ಯು3ಸಿ ಜೊತೆ ಸೇರಿತು. ವೆಬ್‌ನ ನಿಯಮ ಮಾಡುವವರ ಕೈಗೇ ಹೋಗಿದ್ದು ಯಾಕೆ ಅಂತ ತಿಳಿಯಬೇಕಾದರೆ ಒಂದು ಕೆಲಸ ಮಾಡಿ. ಯಾವುದಾದರೂ ಇಪಬ್ ಫೈಲ್‌ನ ನಕಲು ಇಟ್ಟುಕೊಂಡು, ಹೆಸರಿನ ಕೊನೆಯಲ್ಲಿ ಇಪಬ್ ಇರುವ ಕಡೆ ಜಿಪ್ ಅಂತ ಬದಲಿಸಿ, ಬಿಚ್ಚಿ ನೋಡಿ. ಒಳಗೆ ಇರುವುದು ವೆಬ್ ಪುಟಗಳೇ! ಅಧ್ಯಾಯಕ್ಕೊಂದು ಎಕ್ಸ್‌ಎಚ್‌ಟಿಎಂಎಲ್ ಫೈಲ್, ಅಂದಕ್ಕೆ ಒಂದು ಸಿಎಸ್‌ಎಸ್, ಚಿತ್ರಗಳ ಫೋಲ್ಡರ್, ಯಾವುದರ ನಂತರ ಯಾವುದು ಅಂತ ಹೇಳುವ ಒಂದು ಪಟ್ಟಿ. ಅಷ್ಟೇ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಹತ್ತು ನಿಮಿಷ ಸಿಕ್ಕರೆ ಇದನ್ನೇ ಮಾಡಿ. ಆಮೇಲೆ ಸಿಜಿಲ್, ಕ್ಯಾಲಿಬರ್ ಅನ್ನುವ ಉಚಿತ ತಂತ್ರಾಂಶಗಳನ್ನು ತೆರೆದಾಗ ಅವು ಏನನ್ನು ತಿದ್ದುತ್ತಿವೆ ಅನ್ನುವುದು ತಾನೇ ಹೊಳೆಯುತ್ತದೆ.

ಅಕ್ಷರ ಅಕ್ಷರವಾಗಿಯೇ ಉಳಿಯುತ್ತದಾ ಅನ್ನುವ ಎರಡನೇ ಪ್ರಶ್ನೆ ನಮಗೆ, ಅಂದರೆ ಕನ್ನಡದವರಿಗೆ, ಸ್ವಲ್ಪ ಜಾಸ್ತಿ ತಲೆನೋವಿನದು. ಶಾಲೆಯ ಕಂಪ್ಯೂಟರ್‌ನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ ಪಾಠಗಳು ರಾಶಿ ಇರುತ್ತವೆ. ಅವುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗಿದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ‘ಕನ್ನಡ’ ಅನ್ನುವ ಪದ ಒಂದು ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಒಂದು ಪೌಂಡ್ ಗುರುತು ಹೀಗೆ ಶುರುವಾಗುತ್ತದೆ. ಇದನ್ನು ಹಾಗೇ ಇಪಬ್ ಮಾಡಿದರೆ ಮಗುವಿನ ಫೋನಿನಲ್ಲಿ ಕಾಣುವುದು ಅದೇ ಗೋಜಲು. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯುನಿಕೋಡ್‌ಗೆ ಬದಲಾಯಿಸಿಯೇ ಮುಂದೆ ಹೋಗಿ. ಉಚಿತ ಪರಿವರ್ತಕಗಳು ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟ್‌ನಲ್ಲಿ ಅದು ಅಕ್ಷರದ ಬಲಕ್ಕೆ, ಟೈಪ್ ಆದ ಕ್ರಮದಲ್ಲೂ ಆಮೇಲೆ. ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ‘ಕಾರ್ಯ’, ‘ಸೂರ್ಯ’, ‘ವರ್ಷ’ ಇಂಥ ಕಡೆಯೇ ಪರಿವರ್ತಕ ಎಡವುವುದು.

ಇನ್ನೊಂದು ಅಡ್ಡದಾರಿ ಎಲ್ಲರಿಗೂ ಗೊತ್ತು. ಪುಟದ ಫೋಟೋ ಹೊಡೆದು ಪುಸ್ತಕಕ್ಕೆ ಅಂಟಿಸುವುದು. ನೋಡಲು ಚೆನ್ನಾಗಿರುತ್ತದೆ. ಆದರೆ ಹುಡುಕಿದರೆ ಪದ ಸಿಗುವುದಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಕಣ್ಣು ಕಾಣದ ಮಗುವಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಕೂಡ ನೆಟ್ಟಗೆ ಓದುವುದಿಲ್ಲ. ಸುಮ್ನೆ ಫೈಲ್ ಭಾರ ಆಗುತ್ತದೆ ಅಷ್ಟೆ.

ಇನ್ನು ಟೂಲ್‌ಗಳು. ನನ್ನ ಪ್ರಕಾರ ಶುರು ಮಾಡುವವರಿಗೆ ಗೂಗಲ್ ಡಾಕ್ಸ್ ಸಾಕು. ಕನ್ನಡದಲ್ಲಿ ವಾಯ್ಸ್ ಟೈಪಿಂಗ್ ಇದೆ, ಮಗು ಅಜ್ಜಿಯಿಂದ ಕೇಳಿದ ಒಗಟನ್ನು ಹೇಳಿದರೆ ಅದು ಬರೆದುಕೊಳ್ಳುತ್ತದೆ, ತಪ್ಪುಗಳನ್ನು ಮಕ್ಕಳೇ ತಿದ್ದಬಹುದು, ಅದೂ ಒಂದು ಭಾಷಾಪಾಠವೇ. ಶೀರ್ಷಿಕೆಗಳನ್ನು ಬರೀ ದಪ್ಪ ಅಕ್ಷರ ಮಾಡದೆ ಹೆಡಿಂಗ್ ಅಂತಲೇ ಗುರುತಿಸಿ, ಪರಿವಿಡಿ ಅದರಿಂದಲೇ ಹುಟ್ಟುತ್ತದೆ. ಡೌನ್‌ಲೋಡ್ ಮೆನುವಿನಲ್ಲಿ ಇಪಬ್ ಆಯ್ಕೆ ಇದೆ. ನೆಟ್ ಇಲ್ಲದ ಲ್ಯಾಬ್ ಆದರೆ ಲಿಬ್ರೆಆಫೀಸ್ ರೈಟರ್‌ನಲ್ಲೂ ಹೀಗೆ ಹೆಡಿಂಗ್ ಗುರುತಿಸಿ ಇಪಬ್ ಮಾಡಬಹುದು.

ಬುಕ್ ಕ್ರಿಯೇಟರ್ ಮಕ್ಕಳ ಕೈಗೆ ಕೊಡಲು ಚಂದ. ಚಿತ್ರ ಎಳೆದು ಹಾಕಬಹುದು, ದನಿ ರೆಕಾರ್ಡ್ ಮಾಡಬಹುದು, ಟೀಚರ್ ಕೊಟ್ಟ ಕೋಡ್ ಹಾಕಿ ಒಂದೇ ಲೈಬ್ರರಿಗೆ ಎಲ್ಲರೂ ಬರಬಹುದು. ಉಚಿತ ಖಾತೆಗೆ ಮಿತಿ ಇದೆ, ನೆಟ್ ಬೇಕು. ಒಂದೇ ಫೋನ್ ಇರುವ ಶಾಲೆಗೆ ಇದನ್ನು ನಾನು ಹೇಳುವುದಿಲ್ಲ.

ಸ್ಟೋರಿವೀವರ್ ಮಾತ್ರ ಬೇರೆಯೇ ಲೆಕ್ಕ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಸೈಟ್. ಅಲ್ಲಿ ಖಾಲಿ ಪುಟದಿಂದ ಹೊರಡಬೇಕಿಲ್ಲ. ಕನ್ನಡದ ಕಥೆಗಳು ಬೇಕಾದಷ್ಟಿವೆ, ಬೇರೆ ಭಾಷೆಯದನ್ನು ಕನ್ನಡಕ್ಕೆ ತರಬಹುದು, ಕಥೆ ಕಷ್ಟವಾದರೆ ಅದೇ ಚಿತ್ರಗಳನ್ನು ಇಟ್ಟುಕೊಂಡು ಮಾತನ್ನು ಸುಲಭ ಮಾಡಿ ಕೆಳಗಿನ ಹಂತಕ್ಕೆ ಇಳಿಸಬಹುದು. ಹಂತಗಳು ನಾಲ್ಕು: ಮೊದಲನೆಯದಕ್ಕೆ 250 ಪದಗಳ ಒಳಗೆ, ಎರಡಕ್ಕೆ 600ರ ತನಕ, ಮೂರಕ್ಕೆ 1,500ರ ತನಕ, ನಾಲ್ಕಕ್ಕೆ ಅದಕ್ಕಿಂತ ಜಾಸ್ತಿ. ಮುಕ್ತ ಪರವಾನಗಿ ಇರುವುದರಿಂದ ಇದೆಲ್ಲ ಸಾಧ್ಯ. ಅಲ್ಲಿನ ಪರವಾನಗಿಯ ಹೆಸರು ಸಿಸಿ ಬೈ, ಅಂದರೆ ಬದಲಿಸಿ, ಹಂಚಿ, ಆದರೆ ಮೂಲದವರ ಹೆಸರು ಹಾಕಿ ಅಂತ. ಸೈಟ್ ಒಳಗೇ ಮಾಡಿದರೆ ಕೊನೆಯ ಪುಟದಲ್ಲಿ ಹೆಸರುಗಳು ತಾವೇ ಬರುತ್ತವೆ. ಚಿತ್ರವನ್ನಷ್ಟೇ ಇಳಿಸಿಕೊಂಡು ನಿಮ್ಮ ವರ್ಕ್‌ಶೀಟ್‌ಗೆ ಹಾಕಿದಿರೋ, ಹೆಸರು ಬರೆಯುವ ಜವಾಬ್ದಾರಿ ನಿಮ್ಮದು.

ನಲಿ-ಕಲಿ ತರಗತಿಗೆ, ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ಚಟುವಟಿಕೆ ತರಗತಿಗೆ, ಹೋಗುವವರು ಬ್ಲೂಮ್ ನೋಡಲೇಬೇಕು. ಎಸ್‌ಐಎಲ್ ಸಂಸ್ಥೆಯ ಉಚಿತ ತಂತ್ರಾಂಶ, ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡುತ್ತದೆ. ಇಲ್ಲಿಯ ತನಕ ಕಲಿಸಿದ ಅಕ್ಷರ ಯಾವುದು ಅಂತ ಅದಕ್ಕೆ ಹೇಳಿಟ್ಟರೆ, ನೀವು ಬರೆಯುವಾಗ ಕಲಿಸದ ಅಕ್ಷರ ನುಸುಳಿದ ಪದವನ್ನು ಅದು ಎತ್ತಿ ತೋರಿಸುತ್ತದೆ. ನಲಿ-ಕಲಿಯಲ್ಲಿ ಅ ಆ ಇ ಈ ಕ್ರಮ ಇಲ್ಲ, ಮೊದಲ ಗುಂಪು ರ, ಗ, ಸ, ದ, ಅ. ಇಷ್ಟರಲ್ಲೇ ಪುಸ್ತಕ ಮಾಡಿ ನೋಡಿ! ಅರಸ, ಅಗಸ, ಸರ, ದರ, ಗರಗಸ ಇವೆಲ್ಲ ಬರುತ್ತವೆ. ‘ಅರಸನ’ ಅಂದ ಕೂಡಲೇ ನ ಬಂತು, ಸಿಕ್ಕಿಬಿದ್ದಿರಿ. ಪುಟಕ್ಕೆ ಒಂದು ಪದ, ಒಂದು ಚಿತ್ರ, ಮೇಲೆ ನಿಮ್ಮ ದನಿ. ಬ್ಲೂಮ್ ರೀಡರ್ ಅನ್ನುವ ಆ್ಯಂಡ್ರಾಯ್ಡ್ ಆ್ಯಪ್‌ನಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತದೆ, ದನಿ ಓದುತ್ತಾ ಹೋದಂತೆ ಆ ಭಾಗ ಬಣ್ಣದಲ್ಲಿ ಎದ್ದು ಕಾಣುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಡಿಜಿಟಲ್ ಪುಸ್ತಕ ನನಗಂತೂ ಕಂಡಿಲ್ಲ.

ಹೈಸ್ಕೂಲ್‌ಗೆ ಹೋಗುವವರು ಎಚ್5ಪಿಯ ಇಂಟರಾಕ್ಟಿವ್ ಬುಕ್ ನೋಡಿ, ಪಾಠದ ನಡುವೆಯೇ ಪ್ರಶ್ನೆ, ವಿಡಿಯೊ ಇಡಬಹುದು. ಲುಮಿ ಅನ್ನುವ ತಂತ್ರಾಂಶದಿಂದ ಅದನ್ನು ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಉಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು.

ಈಗಾಗಲೇ ಇರುವುದನ್ನು ಬಳಸುವ ವಿಷಯಕ್ಕೆ ಬಂದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಬಿಡುವ ಹಾಗಿಲ್ಲ, 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗಿನ ಆರು ಅಕ್ಷರದ ಕೋಡ್ ಟೈಪ್ ಮಾಡಿ. ನೆಟ್ ಇರುವ ಕಡೆ ಹಿಂದಿನ ದಿನವೇ ಆ್ಯಪ್‌ಗೆ ಇಳಿಸಿಟ್ಟುಕೊಳ್ಳಿ.

ಪುಸ್ತಕ ಕೊಡುವ ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ ಸುಮ್ಮನಾಗಬೇಡಿ, ಅಲ್ಲಿ ಎಲ್ಲ ಫಾಂಟೂ ಇರುತ್ತದೆ. ಮನೆಯಲ್ಲಿರುವ ಅತಿ ಹಳೆಯ ಫೋನಿಗೆ ಕಳಿಸಿ, ನೆಟ್ ಆಫ್ ಮಾಡಿ ತೆರೆಯಿರಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ನೋಟೋ ಸಾನ್ಸ್ ಕನ್ನಡ ಥರದ ಮುಕ್ತ ಫಾಂಟ್ ಒಂದನ್ನು ಸಿಜಿಲ್‌ನಲ್ಲಿ ಪುಸ್ತಕದೊಳಗೇ ಸೇರಿಸಿ, ಮತ್ತೆ ಕಳಿಸಿ ನೋಡಿ. ಆಮೇಲೆ ಟಾಕ್‌ಬ್ಯಾಕ್ ಹಾಕಿ ಒಂದು ಪುಟ ಕೇಳಿ. ಚಿತ್ರ ಬಂದಾಗ ಅದು ಫೈಲ್‌ನ ಹೆಸರನ್ನು ಓದಿದರೆ ಆ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ, ಬರೆಯುವ ಕೆಲಸ ಇನ್ನೂ ಬಾಕಿ ಇದೆ.